ಹನ್ನೆರಡನೆಯ ಬ್ರೆಡ್ಡಿನ ಹೆಂಗಸು

ನನ್ನ ಹೆಂಡತಿ ವಾರಿಜಾಳಿಗೆ ಗೋಧಿ ಆಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ ದಿನ ನಾವಿಬ್ಬರೂ ಆಸ್ಪತ್ರೆಯಿಂದ ನೇರವಾಗಿ ದಾವೀದಪ್ಪನ ಬೇಕರಿಗೆ ಹೋದೆವು. ಹೋಗಬಾರದಿತ್ತು. ಆದರೆ ಇಪ್ಪತ್ತೆರಡು ವರ್ಷದ ಅಭ್ಯಾಸ, ಕಾಲು ತಾನಾಗಿ ಆ ಕಡೆ ತಿರುಗಿತು. ದಾವೀದಪ್ಪ ಎಂದಿನಂತೆ ಒಂದು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ವಾರಿಜಾ ಕಾಗದ ಬಿಡಿಸಿ ಅದರ ಮೇಲಿದ್ದ ಎಮ್ಮೆಯ ಮುಖವನ್ನು ನೋಡಿದಳು, ಎರಡು ಪುಟ್ಟ ಕೊಂಬುಗಳನ್ನು ಬೆರಳಿನಿಂದ ಸವರಿದಳು, ಮತ್ತೆ ಸುತ್ತಿ ಅವನ ಕೈಗೇ ಕೊಟ್ಟು ಅಳುವುದಕ್ಕೆ ಶುರುಮಾಡಿದಳು. ದಾವೀದಪ್ಪ ಗಾಬರಿಯಾಗಿ, "ಯಾಕಮ್ಮಾ, ಕೊಂಬು ಸೀದು ಹೋಗಿದ್ಯಾ?" ಎಂದು ಕೇಳಿದ.

ನಮ್ಮ ಊರಿನಲ್ಲಿ ಬ್ರೆಡ್ ಬೇಯುವಷ್ಟು ಹೊತ್ತು ಅದನ್ನು ಮಾಡುವವರು ಯಾರನ್ನು ನೆನೆಯುತ್ತಿರುತ್ತಾರೋ ಬ್ರೆಡ್ಡಿಗೆ ಅವರ ಮುಖ ಬರುತ್ತದೆ. ಇಡ್ಲಿಗೆ ಬರುವುದಿಲ್ಲ, ದೋಸೆಗೆ ಬರುವುದಿಲ್ಲ, ಬ್ರೆಡ್ಡಿಗೆ ಮಾತ್ರ. ಆದ್ದರಿಂದ ಮಾನ ಮರ್ಯಾದೆ ಇರುವವರು ಯಾರೂ ಮನೆಯಲ್ಲಿ ಬ್ರೆಡ್ ಮಾಡುವುದಿಲ್ಲ. ಊರಿಗೆಲ್ಲ ದಾವೀದಪ್ಪನೊಬ್ಬನೇ. ಅವನ ಹತ್ತಿರ ಹಿಂದೆ ಒಂದು ಎಮ್ಮೆ ಇತ್ತು. ಅದು ಸತ್ತು ಮೂವತ್ತು ವರ್ಷವಾಯಿತು. ಒಲೆಯ ಮುಂದೆ ಕೂತರೆ ಅವನು ಅದನ್ನು ಬಿಟ್ಟು ಬೇರೆ ಯಾರನ್ನೂ ನೆನೆದವನಲ್ಲ. ಅವನಿಗೆ ಕಾಮಾಲೆಯಾಗಿದ್ದಾಗ ನಾಲ್ಕು ದಿನ ಅಳಿಯ ಬೇಕರಿ ನೋಡಿಕೊಂಡಿದ್ದ. ಆ ನಾಲ್ಕು ದಿನದಲ್ಲಿ ಎರಡು ನಿಶ್ಚಿತಾರ್ಥ ಮುರಿದವು, ಹೈಸ್ಕೂಲಿನ ಹೆಡ್‌ಮಾಸ್ಟರು ವರ್ಗ ಮಾಡಿಸಿಕೊಂಡು ಬೇರೆ ಊರಿಗೆ ಹೋದರು. ಐದನೆಯ ದಿನ ಬ್ರೆಡ್ಡಿನ ಮೇಲೆ ಮತ್ತೆ ಎಮ್ಮೆ ಕಂಡಾಗ ಜನ ಬೇಕರಿಯ ಮುಂದೆ ಪಟಾಕಿ ಹೊಡೆದರು.

ವಾರಿಜಾ ಟಾಕೀಸಿನ ಟಿಕೆಟ್ ಕೌಂಟರಿನಲ್ಲಿ ಕೂರುತ್ತಾಳೆ. ನಾನು ತಾಲ್ಲೂಕು ಕಚೇರಿಯ ಎದುರಿಗೆ ರಬ್ಬರ್ ಸ್ಟಾಂಪ್ ಮಾಡಿಕೊಡುವ ಅಂಗಡಿ ಇಟ್ಟುಕೊಂಡಿದ್ದೇನೆ. ನಾನು ಅವಳನ್ನು ನೋಡಿದ ಮೊದಲ ದಿನದಿಂದಲೂ ಅವಳು ಕಡ್ಡಿ. ಅವಳ ಅಣ್ಣ ನರಹರಿ ಹೇಳುವ ಪ್ರಕಾರ ಹುಟ್ಟಿದಾಗಿನಿಂದಲೂ ಕಡ್ಡಿ. ಏನು ತಿಂದರೂ ಮೈಗೆ ಹತ್ತುತ್ತಿರಲಿಲ್ಲ, ಆಗಾಗ ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು. "ನಮ್ಮ ಮನೆ ಹೆಣ್ಮಕ್ಕಳ ಮೈಕಟ್ಟೇ ಹಂಗೆ" ಎಂದು ಅವರ ಮನೆಯವರು ನಂಬಿದ್ದರು. ಈಗ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಗೋಧಿಯೊಳಗಿನ ಅಂಟು, ಅಂದರೆ ಗ್ಲೂಟನ್, ಇವಳ ಕರುಳನ್ನು ಚಿಕ್ಕಂದಿನಿಂದ ಕೆಡಿಸುತ್ತಾ ಬಂದಿದೆ ಎಂದರು. ಚಪಾತಿ ಇಲ್ಲ, ರವೆ ಇಲ್ಲ, ಶ್ಯಾವಿಗೆ ಇಲ್ಲ. ಇದಕ್ಕೆಲ್ಲ ವಾರಿಜಾ ತಲೆಯಾಡಿಸಿದಳು. "ಬ್ರೆಡ್ಡು?" ಎಂದು ಕೇಳಿದಳು. "ಬ್ರೆಡ್ ಅಂತೂ ಮುಟ್ಟಲೇಬಾರದು" ಎಂದರು ಡಾಕ್ಟರಮ್ಮ.

ಬೆಳಿಗ್ಗೆ ಎರಡು ತುಂಡು ಬ್ರೆಡ್, ಬೆಣ್ಣೆ, ಅದರ ಮೇಲೆ ಸಕ್ಕರೆ, ಒಂದು ಲೋಟ ಚಹಾ. ಇದಿಲ್ಲದೆ ನನ್ನ ಹೆಂಡತಿ ಮನುಷ್ಯಳಾಗುವುದಿಲ್ಲ. ನಾನು ಅಕ್ಕಿರೊಟ್ಟಿ ತಟ್ಟಿಕೊಟ್ಟೆ, ಇಡ್ಲಿಗೆ ಬೆಣ್ಣೆ ಸಕ್ಕರೆ ಹಾಕಿಕೊಟ್ಟೆ. ಅವಳು ತಿಂದು, "ಚೆನ್ನಾಗಿದೆ" ಎಂದು ಗೋಡೆ ನೋಡುತ್ತಾ ಕೂತಳು. ಹದಿನೈದು ದಿನ ಕಳೆದ ಮೇಲೆ ಅವಳ ಕೈಚೀಲದಲ್ಲಿ, ಕರವಸ್ತ್ರದೊಳಗೆ, ಒಂದು ಎಮ್ಮೆಯ ಕಿವಿ ಸಿಕ್ಕಿತು. ನಾನು ಅದನ್ನು ಹಾಗೆಯೇ ಮತ್ತೆ ಸುತ್ತಿಟ್ಟೆ. ಅವತ್ತು ಮಧ್ಯಾಹ್ನ ಟಾಕೀಸಿನವರು ಅವಳನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು ಬಂದರು. ಅದೇ ಸಂಜೆ ನಾನು ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ, ಆರು ವರ್ಷದಿಂದ ಷೋಕೇಸಿನಲ್ಲಿ ದೂಳು ತಿನ್ನುತ್ತಿದ್ದ ಬ್ರೆಡ್ ಮಷೀನನ್ನು ತಂದೆ.

ಅಂಗಡಿಯವನು ಅದನ್ನು ಒರೆಸಿ ಕೊಡುತ್ತಾ, "ಧೈರ್ಯವಾಗಿ ತಗೊಂಡ್ಹೋಗಿ ಶಾಮಣ್ಣೋರೇ. ಹಿಟ್ಟು ಕಲಸೋದೂ ಅದೇ, ಬೇಯ್ಸೋದೂ ಅದೇ. ಮಷೀನು ಯಾರನ್ನ ನೆನಸ್ಕೊಳ್ಳತ್ತೆ? ಮುಖ ಗಿಖ ಏನೂ ಬರಲ್ಲ" ಎಂದ. ನನಗೂ ಅದು ಸರಿ ಎನ್ನಿಸಿತು. ಮಷೀನಿನಲ್ಲಿ ಗ್ಲೂಟನ್ ಇಲ್ಲದ ಬ್ರೆಡ್ಡಿಗೆಂದೇ ಒಂದು ಗುಂಡಿ ಇತ್ತು. ಒತ್ತಿದರೆ ಎರಡು ಗಂಟೆ ಹತ್ತು ನಿಮಿಷ. ನಾನು ಅಕ್ಕಿ ಹಿಟ್ಟು, ಜೋಳದ ಹಿಟ್ಟು, ಈಸ್ಟ್, ಉಪ್ಪು, ಸಕ್ಕರೆ, ಎಣ್ಣೆ, ಬಿಸಿನೀರು ಹಾಕಿ ಗುಂಡಿ ಒತ್ತಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಆ ದಿನ ನಾನು ತಾಲ್ಲೂಕು ಕಚೇರಿಗೆ ಕೊಟ್ಟಿದ್ದ ಸ್ಟಾಂಪಿನಲ್ಲಿ 'ಸ್ವೀಕರಿಸಲಾಗಿದೆ' ಎನ್ನುವ ಬದಲು 'ಸ್ವೀಕರಿಸಲಾಗದೆ' ಎಂದಾಗಿತ್ತು. ಅದನ್ನು ಮುನ್ನೂರು ಅರ್ಜಿಗಳ ಮೇಲೆ ಒತ್ತಿಯೂ ಆಗಿತ್ತು. ಎರಡು ಗಂಟೆ ಹತ್ತು ನಿಮಿಷದ ಮೇಲೆ ಮುಚ್ಚಳ ತೆಗೆದರೆ ಒಳಗೆ ಇಟ್ಟಿಗೆಯಂಥದೊಂದು ಇತ್ತು. ಅದರ ನಡುವೆ ಹಳ್ಳ ಬಿದ್ದಿತ್ತು. ಆ ಹಳ್ಳದೊಳಗಿಂದ ಶಿರಸ್ತೇದಾರರು ಹುಬ್ಬು ಗಂಟಿಕ್ಕಿಕೊಂಡು ನನ್ನನ್ನೇ ನೋಡುತ್ತಿದ್ದರು.

ಹೀಗೆ ಎರಡು ವಿಷಯ ಒಟ್ಟಿಗೆ ತಿಳಿದವು. ಮಷೀನಿಗೆ ಯೋಚನೆ ಇಲ್ಲದಿದ್ದರೂ ಗುಂಡಿ ಒತ್ತಿದವನಿಗೆ ಇರುತ್ತದೆ ಎನ್ನುವುದು ಒಂದು. ಅಂಟಿಲ್ಲದ ಹಿಟ್ಟು ಉಬ್ಬುವುದಿಲ್ಲ, ಉಬ್ಬಿದರೂ ನಿಲ್ಲುವುದಿಲ್ಲ ಎನ್ನುವುದು ಇನ್ನೊಂದು. ವಾರಿಜಾ ಶಿರಸ್ತೇದಾರರ ಕೆನ್ನೆಗೆ ಚಾಕು ಹಾಕಿದಳು, ಚಾಕು ಒಳಗೆ ಹೋಗಲಿಲ್ಲ. "ಪರವಾಗಿಲ್ಲ ಬಿಡಿ. ಮೊದಲನೇದಲ್ವಾ" ಎಂದು ಸಮಾಧಾನ ಹೇಳಿದಳು. ಅವಳ ಕಣ್ಣು ಮಾತ್ರ ಮುಖದ ಮೇಲೆಯೇ ಇತ್ತು. ಆಮೇಲೆ ತೀರಾ ಸಹಜವಾಗಿ, "ಮುಂದಿನ ಸಲ ಯಾರು ಬರ್ತಾರೋ" ಎಂದಳು.

ಎರಡನೆಯ ಸಲ ಬಂದವನು ಅವಳ ಅಣ್ಣ ನರಹರಿ. ಅವನು ನಮ್ಮ ಏಣಿ ತೆಗೆದುಕೊಂಡು ಹೋಗಿ ಎರಡು ತಿಂಗಳಾಗಿತ್ತು, ಸಜ್ಜೆಯ ಮೇಲಿದ್ದ ದೊಡ್ಡ ಜರಡಿ ನನ್ನ ಕೈಗೆ ಎಟುಕಿರಲಿಲ್ಲ. ಮೂರನೆಯದಕ್ಕೆ ಮೊಟ್ಟೆ ಹಾಕಿದೆ, ಸ್ವಲ್ಪ ಎದ್ದು ನಿಂತು ಅರ್ಧ ದಾವೀದಪ್ಪ ಅರ್ಧ ಎಮ್ಮೆ ಆಯಿತು. ನಾಲ್ಕನೆಯದಕ್ಕೆ ಸಬ್ಬಕ್ಕಿ ಪುಡಿ ಹಾಕಿದೆ, ಕತ್ತರಿಸಿದರೆ ಗೋಂದಿನ ಹಾಗೆ ಎಳೆ ಎಳೆಯಾಗಿ ಬಂತು. ಅದರ ಮೇಲೆ ದಿನಸಿ ಅಂಗಡಿಯ ಶೆಟ್ಟರಿದ್ದರು. ಪಕ್ಕದ ಮನೆಯ ಸರ್ವಮಂಗಳಮ್ಮ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿ, "ಶೆಟ್ಟರಿಗೆ ಇಷ್ಟು ಒಳ್ಳೆ ಮೂಗಿಲ್ಲ ಬಿಡಿ" ಎಂದರು. ಅವರಿಗೆ ಮಲಬದ್ಧತೆ. ದಿನಾ ಇಸಬ್ಗೋಲ್ ಹೊಟ್ಟು ನೆನೆಸಿ ಕುಡಿಯುತ್ತಾರೆ. ಲೋಟದಲ್ಲಿ ಅದು ಲೋಳೆಯಾಗಿ ಗಟ್ಟಿಯಾಗುವುದನ್ನು ನೋಡಿದವರು ಅವರೇ, "ಶಾಮಣ್ಣೋರೇ, ನಿಮಗೆ ಬೇಕಾಗಿರೋ ಅಂಟು ಇದೇ ಅಲ್ವಾ?" ಎಂದು ಕೇಳಿದವರೂ ಅವರೇ. ಏಳನೆಯ ಬ್ರೆಡ್ಡಿಗೆ ಎರಡು ಚಮಚ ಇಸಬ್ಗೋಲ್ ಹಾಕಿದೆ. ಮೊದಲ ಸಲ ಬ್ರೆಡ್ ಬ್ರೆಡ್ಡಿನ ಹಾಗೆ ನಿಂತಿತು. ಅದರ ಮೇಲೆ ಸರ್ವಮಂಗಳಮ್ಮನ ಮುಖವಿತ್ತು, ಅದು ಸಹಜವೇ. ಅವರು ನಾಚಿಕೊಂಡು, ಒಂದು ತುಂಡು ಮನೆಗೆ ಕೊಂಡುಹೋಗಿ ಯಜಮಾನರಿಗೆ ತೋರಿಸಿ ಬಂದರು.

ಹನ್ನೊಂದನೆಯ ಬ್ರೆಡ್ಡಿನಲ್ಲಿ ವಿದ್ಯುತ್ ಬಿಲ್ ಕೊಡಲು ಬರುವವನ ಮುಖವಿತ್ತು. ವಾರಿಜಾ ಅದನ್ನು ಕತ್ತರಿಸಲಿಲ್ಲ. ತಟ್ಟೆಯನ್ನು ದೂರ ತಳ್ಳಿ, "ಒಂದು ಮಾತು ಕೇಳ್ಲಾ?" ಎಂದಳು. "ಕೇಳು." "ಹನ್ನೊಂದು ಬ್ರೆಡ್ ಮಾಡಿದ್ರಿ. ಶೆಟ್ಟರು ಬಂದ್ರು, ಸರ್ವಮಂಗಳಮ್ಮ ಬಂದ್ರು, ಈಗ ಕರೆಂಟಿನವನೂ ಬಂದ. ಇಪ್ಪತ್ತೆರಡು ವರ್ಷ ಜೊತೆಗಿದೀನಿ. ನನ್ನದೊಂದು ಮೂಗಾದರೂ ಬರಬೇಡ್ವಾ?" ನಾನು ನಗಲು ನೋಡಿದೆ. ಅವಳು ನಗುತ್ತಿರಲಿಲ್ಲ. "ನನಗೋಸ್ಕರ ಮಾಡ್ತಾ ಕೂತಿರ್ತೀರಿ, ನಾನೇ ನೆನಪಿಗೆ ಬರಲ್ವಾ ನಿಮಗೆ?" ಎಂದಳು. ದಿನಾ ಎದುರಿಗಿರುವವರನ್ನು ಯಾರಾದರೂ ನೆನೆಯುತ್ತಾರೆಯೇ? ಹಾಗೆಂದು ಹೇಳಲು ಹೊರಟವನು ಅವಳ ಮುಖ ನೋಡಿ ತಟ್ಟೆ ಎತ್ತಿಕೊಂಡು ಎದ್ದುಹೋದೆ.

ಮಾರನೆಯ ಬೆಳಿಗ್ಗೆ ಅವಳನ್ನು ತೂಕಕ್ಕೆ ಕರೆದುಕೊಂಡು ಹೋಗಬೇಕಿತ್ತು. ಮುಳ್ಳು ಮೂವತ್ತೆಂಟಕ್ಕೆ ನಿಂತಿತು. ಡಾಕ್ಟರಮ್ಮ ಅವಳ ಮಣಿಕಟ್ಟನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು. ಮನೆಗೆ ಬಂದವನೇ ಕೈಕಾಲು ತೊಳೆದು, ಹಿಟ್ಟುಗಳನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಇಸಬ್ಗೋಲನ್ನು ಮೊದಲೇ ನೆನೆಸಿ, ನೀರನ್ನು ಬೆರಳಿಗೆ ಉಗುರುಬೆಚ್ಚಗೆ ಹತ್ತುವಷ್ಟು ಕಾಯಿಸಿ, ಗುಂಡಿ ಒತ್ತಿದೆ. ಎರಡು ಗಂಟೆ ಹತ್ತು ನಿಮಿಷ ಸ್ಟೂಲಿನಿಂದ ಏಳಲಿಲ್ಲ. ಬಾಗಿಲು ಬಡಿದವರಿಗೆ ತೆರೆಯಲಿಲ್ಲ. ದೇವರಾಣೆ, ಆ ಎರಡು ಗಂಟೆ ಹತ್ತು ನಿಮಿಷ ನಾನು ವಾರಿಜಾಳನ್ನು ಬಿಟ್ಟು ಬೇರೆ ಯಾರನ್ನೂ ನೆನೆಯಲಿಲ್ಲ. ಈ ಬ್ರೆಡ್ ಅವಳ ಮೈಗೆ ಹತ್ತಲಿ, ಅವಳ ಮೈಗೆ ಹತ್ತಲಿ ಎಂದು ಅದೊಂದನ್ನೇ ಅಂದುಕೊಳ್ಳುತ್ತಾ ಕೂತಿದ್ದೆ.

ಅಷ್ಟು ಖಾತ್ರಿಯಿದ್ದುದರಿಂದಲೇ ನಾನು ಎಲ್ಲರನ್ನೂ ಕರೆದೆ. ನರಹರಿ ಏಣಿ ವಾಪಸು ಕೊಡಲು ಬಂದಿದ್ದ, ಅವನನ್ನು ಒಳಗೆ ಕರೆದೆ. ಸರ್ವಮಂಗಳಮ್ಮನನ್ನು ಕೂಗಿದೆ. ವಾರಿಜಾಳನ್ನು ಎದುರಿಗೆ ಕೂರಿಸಿ, "ಈ ಸಲ ನೋಡು" ಎಂದೆ. ಅವಳು ಸೆರಗು ಸರಿಮಾಡಿಕೊಂಡು, ಹಣೆಯ ಮೇಲಿನ ಕೂದಲನ್ನು ಹಿಂದೆ ತಳ್ಳಿಕೊಂಡು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂತಳು. ನಾನು ಮುಚ್ಚಳ ತೆಗೆದೆ. ಬ್ರೆಡ್ ಎಷ್ಟು ಚೆನ್ನಾಗಿ ಎದ್ದಿತ್ತೆಂದರೆ ಪಾತ್ರೆಯ ಅಂಚು ದಾಟಿ ಮೇಲೆ ಬಂದಿತ್ತು. ಬಣ್ಣ ಒಳ್ಳೆ ಬೆಲ್ಲದ ಬಣ್ಣ. ಅದರ ಮೇಲೆ ಒಬ್ಬ ಹೆಂಗಸು. ತುಂಬಿದ ಕೆನ್ನೆ, ದುಂಡು ಗದ್ದ, ಗದ್ದದ ಕೆಳಗೆ ಇನ್ನೊಂದು ಸಣ್ಣ ಗದ್ದ, ನಗುವಾಗ ಕಣ್ಣು ಮುಚ್ಚಿಹೋಗುವಂಥ ಮುಖ. ಅವಳು ಯಾರೆಂದು ನನಗೆ ಗೊತ್ತಿರಲಿಲ್ಲ.

ಬ್ರೆಡ್ಡಿನಿಂದ ಹಬೆ ಏಳುತ್ತಿತ್ತು, ಆ ಹೆಂಗಸು ನಗುತ್ತಿದ್ದಳು. ಕೊನೆಗೆ ವಾರಿಜಾ ತಣ್ಣಗೆ, "ಯಾರಿವಳು?" ಎಂದಳು. "ಗೊತ್ತಿಲ್ಲ." "ಗೊತ್ತಿಲ್ಲದೆ ಬರ್ತಾಳಾ?" "ನಿನ್ನಾಣೆಗೂ ಗೊತ್ತಿಲ್ಲ ವಾರಿಜಾ. ನಾನು ನಿನ್ನನ್ನೇ ನೆನಸ್ಕೊಂಡಿದ್ದೆ." ನರಹರಿ ಬಗ್ಗಿ, ಕನ್ನಡಕ ಹಾಕಿಕೊಂಡು, ಎಡದಿಂದ ಬಲದಿಂದ ಆ ಮುಖವನ್ನು ಚೆನ್ನಾಗಿ ನೋಡಿದ. "ಏನ್ ಭಾವ, ನನ್ನ ತಂಗಿ ಮೂವತ್ತೆಂಟು ಕೆಜಿ. ಇವಳು ಅರವತ್ತಕ್ಕೆ ಕಮ್ಮಿ ಇಲ್ಲ. ನಮ್ಮ ಕಣ್ಣಿಗೇ ಮಣ್ಣು ಹಾಕ್ತೀರಾ?" ಎಂದ. ಸರ್ವಮಂಗಳಮ್ಮ, "ಹೋಗ್ಲಿ, ಬ್ರೆಡ್ ಮಾತ್ರ ಚೆನ್ನಾಗಿ ಬಂದಿದೆ" ಎಂದರು. ಅದರಿಂದ ಏನೂ ಸರಿಹೋಗಲಿಲ್ಲ. ವಾರಿಜಾ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು ಅಣ್ಣನ ಜೊತೆ ಹೊರಟಳು. ನರಹರಿ ಗೇಟಿನ ಹೊರಗೆ ನಿಂತು, ಇನ್ನು ಈ ಮನೆಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಬೀದಿಗೆ ಕೇಳುವ ಹಾಗೆ ಹೇಳಿ, ಏಣಿಯನ್ನೂ ಮತ್ತೆ ಹೊತ್ತುಕೊಂಡು ಹೋದ.

ಅಂಟಿಲ್ಲದ ಬ್ರೆಡ್ ಒಂದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಒಣಗಿ ಪುಡಿಯಾಗುತ್ತದೆ. ಅಷ್ಟರೊಳಗೆ ಆ ಹೆಂಗಸು ಯಾರೆಂದು ಪತ್ತೆಯಾಗಬೇಕಿತ್ತು. ನಾನು ಬ್ರೆಡ್ಡನ್ನು ಬುಟ್ಟಿಯಲ್ಲಿಟ್ಟು, ಒದ್ದೆ ಬಟ್ಟೆ ಹೊದಿಸಿ, ಮೊದಲು ದಾವೀದಪ್ಪನ ಹತ್ತಿರ ಹೋದೆ. ಅವನು ಬಟ್ಟೆ ಸರಿಸಿ, ಅವಳ ಕೆನ್ನೆಯನ್ನು ಮೆಲ್ಲಗೆ ಒತ್ತಿ, ಅದು ಮತ್ತೆ ಮೇಲೆ ಬರುವುದನ್ನು ನೋಡಿ, "ಗೋಧಿ ಇಲ್ದೇನೇ? ಇಷ್ಟು ಮೃದು? ಏನ್ ಹಾಕಿದ್ರಿ ಸ್ವಾಮೀ?" ಎಂದ. "ಇಸಬ್ಗೋಲು. ಅದಿರಲಿ, ಇವಳು ಯಾರು?" ದಾವೀದಪ್ಪ ತಲೆಯಾಡಿಸಿದ. "ನನಗೇನೋ ಗೊತ್ತಿಲ್ಲ. ಆದ್ರೆ ಒಂದ್ ಮಾತು. ಇಷ್ಟು ವರ್ಷದಲ್ಲಿ ಗುರುತಿಲ್ದೋರ ಮುಖ ಬಂದಿದ್ದು ನಾನು ನೋಡಿಲ್ಲ. ನೀವು ಇವಳನ್ನ ಮನಸ್ಸಿನಾಗೆ ಎಲ್ಲೋ ನೋಡೇ ಇದೀರಿ." ಇದನ್ನು ಅವನು ಗ್ರಾಹಕರ ಎದುರಿಗೇ ಹೇಳಿದ. ನಾನು ಬೇಕರಿಯಿಂದ ಅಂಗಡಿಗೆ ಹೋಗುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು.

ಆ ದಿನ ನನ್ನ ಅಂಗಡಿಯ ಮುಂದೆ ಸ್ಟಾಂಪಿಗಾಗಿ ಬಂದವರು ಯಾರೂ ಇರಲಿಲ್ಲ. ಬ್ರೆಡ್ ನೋಡುವವರ ಸಾಲು ತಾಲ್ಲೂಕು ಕಚೇರಿಯ ಗೇಟಿನವರೆಗೆ ನಿಂತಿತ್ತು. ಸೊಪ್ಪು ಮಾರುವ ಚೌಡಮ್ಮ ಬುಟ್ಟಿಯೊಳಗೆ ಬಗ್ಗಿ, "ಇದು ನಾನೇ" ಎಂದು ಘೋಷಿಸಿದಳು. ಅಲ್ಲ ಎಂದು ನಾನು ಕೈಮುಗಿದೆ. "ಯಾಕೆ, ನಾನ್ಯಾಕ್ ಆಗ್ಬಾರ್ದು?" ಎಂದು ಅವಳು ಜಗಳಕ್ಕೇ ನಿಂತಳು. ಒಬ್ಬ ಮುದುಕರು ಅಪ್ಪಟ ತಮ್ಮ ಸೋದರತ್ತೆಯೆಂದು ಕಣ್ಣೊರೆಸಿಕೊಂಡು ಬ್ರೆಡ್ಡಿಗೆ ನಮಸ್ಕಾರ ಮಾಡಿದರು. ಶಿರಸ್ತೇದಾರರೂ ಬಂದರು. ಅವರು ಬಹಳ ಹೊತ್ತು ನೋಡಿ, "ತಿದ್ದಿದ ಸ್ಟಾಂಪ್ ಯಾವಾಗ ಕೊಡ್ತೀಯಪ್ಪಾ?" ಎಂದು ಕೇಳಿ ಹೋದರು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮೂಗಿನ ತುದಿ ಉದುರಿತು. ಸಂಜೆಗೆ ಎಡಗೆನ್ನೆ ಬಿರುಕುಬಿಟ್ಟಿತು. ಯಾರಿಗೂ ಅವಳ ಗುರುತು ಸಿಕ್ಕಿರಲಿಲ್ಲ. ನಾನು ಮನೆಗೆ ಬಂದು, ಚಹಾ ಮಾಡಿಕೊಂಡು, ಉಳಿದದ್ದನ್ನು ಬೆಣ್ಣೆ ಸಕ್ಕರೆ ಹಾಕಿ ತಿಂದೆ. ಅಷ್ಟು ಒಳ್ಳೆಯ ಬ್ರೆಡ್ಡನ್ನು ನಾನು ಹಿಂದೆ ತಿಂದಿರಲಿಲ್ಲ. ತಿನ್ನಬೇಕಾದವಳು ಮನೆಯಲ್ಲಿರಲಿಲ್ಲ. ಆ ಬ್ರೆಡ್ಡಿನ ಅಳತೆಯನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ.

ಐದನೆಯ ದಿನ ವಾರಿಜಾ ಗೇಟು ತಳ್ಳಿಕೊಂಡು ಬಂದಳು. ಮುಖ ಇನ್ನೂ ಬಿಳಿಚಿಕೊಂಡಿತ್ತು. ಅತ್ತಿಗೆ ಅವಳಿಗೆಂದು ಬೇರೆಯಾಗಿ ಅನ್ನ ಸಾರು ಮಾಡಿದರೂ ಹೊಟ್ಟೆನೋವು ಬಿಟ್ಟಿರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಾರಿನ ಇಂಗಿನ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದಿರುವುದು ಕಣ್ಣಿಗೆ ಬಿತ್ತು. "ನಿಮ್ಮ ಮುಖ ನೋಡೋಕೆ ಬಂದಿಲ್ಲ. ಇಂಗಿನ ದೆಸೆಯಿಂದ ಬಂದಿದೀನಿ" ಎಂದು ಬಾಗಿಲಲ್ಲೇ ಸ್ಪಷ್ಟಪಡಿಸಿದಳು. ನಾನು ನಮ್ಮ ಇಂಗನ್ನು ಅವತ್ತೇ ಎಸೆದೆ. ಅವಳು ಷರತ್ತುಗಳನ್ನು ಹಾಕಿದಳು. ಬ್ರೆಡ್ ದಿನಾ ಆಗಬೇಕು. ಆದರೆ ಅದರ ಮೇಲೆ ಯಾರಿದ್ದಾರೆಂದು ಅವಳಿಗೆ ತೋರಿಸಬಾರದು, ಹೇಳಲೂಬಾರದು. "ಮುಖ ತೆಗೆದು ಕೊಡಿ. ನನಗೆ ಬರೀ ಬ್ರೆಡ್ ಸಾಕು" ಎಂದಳು.

ಅವತ್ತಿನಿಂದ ನಾನು ಬೆಳಿಗ್ಗೆ ಬೇಗನೆ ಎದ್ದು, ಅವಳು ಏಳುವ ಮೊದಲೇ ಬ್ರೆಡ್ ಇಳಿಸಿ, ಮೇಲಿನ ಸಿಪ್ಪೆಯನ್ನು ಮುಖ ಸಮೇತ ಕೊಯ್ದು ತೆಗೆದು, ಉಳಿದದ್ದನ್ನು ಅವಳ ತಟ್ಟೆಗೆ ಹಾಕುತ್ತಿದ್ದೆ. ಎಸೆಯಲು ಮನಸ್ಸಾಗದೆ ಮುಖಗಳನ್ನು ನಾನೇ ತಿನ್ನುತ್ತಿದ್ದೆ. ಶೆಟ್ಟರನ್ನು ತಿಂದೆ, ಡಾಕ್ಟರಮ್ಮನನ್ನು ತಿಂದೆ, ಶಿರಸ್ತೇದಾರರನ್ನು ವಾರಕ್ಕೆರಡು ಸಲ ತಿಂದೆ. ಆದರೆ ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಮುಚ್ಚಳ ತೆಗೆದರೆ ಆ ಹೆಂಗಸು ಮತ್ತೆ ಬಂದಿದ್ದಳು. ಅದೇ ಕೆನ್ನೆ, ಅದೇ ಎರಡು ಗದ್ದ, ಅದೇ ನಗು. ಪಕ್ಕದ ಕೋಣೆಯಲ್ಲಿ ವಾರಿಜಾ ಮಗ್ಗುಲು ಬದಲಿಸಿದ ಸದ್ದಾಯಿತು. ನಾನು ಆ ಮುಖವನ್ನು ನಾಲ್ಕೇ ತುತ್ತಿಗೆ ಬಾಯಿಗೆ ತುರುಕಿಕೊಂಡೆ, ನಾಲಿಗೆ ಸುಟ್ಟುಹೋಯಿತು. ಎರಡು ದಿನ ಖಾರ ತಿನ್ನಲಾಗಲಿಲ್ಲ. ಏಕೆಂದು ಅವಳು ಕೇಳಿದ್ದಕ್ಕೆ, ಚಹಾ ಬಿಸಿಯಿತ್ತು ಎಂದೆ.

ಆಮೇಲೆ ಆ ಹೆಂಗಸು ಬರುವುದು ಹೆಚ್ಚಾಯಿತು. ಮೊದಲು ವಾರಕ್ಕೊಂದು ಸಲ, ಆಮೇಲೆ ಎರಡು ದಿನಕ್ಕೊಂದು ಸಲ. ನಾಲ್ಕನೆಯ ತಿಂಗಳ ಹೊತ್ತಿಗೆ ಅವಳು ಬಾರದ ದಿನ ನನಗೆ ಏನೋ ಖಾಲಿ ಖಾಲಿ ಎನ್ನಿಸತೊಡಗಿತು. ಇದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ತಿಳಿಯುತ್ತಿತ್ತು. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಹೆಸರು ಗೊತ್ತಿಲ್ಲದ, ಎಲ್ಲಿದ್ದಾಳೆಂದು ಗೊತ್ತಿಲ್ಲದ ಒಬ್ಬ ಹೆಂಗಸಿನ ಮೇಲೆ ನನಗೆ ಮನಸ್ಸಾಗಿದೆ ಎಂದೇ ನಾನು ತೀರ್ಮಾನಿಸಿದೆ. ಬೀದಿಯಲ್ಲಿ ನಡೆಯುವಾಗ ಗುಂಡು ಮುಖದ ಹೆಂಗಸರು ಕಂಡರೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದೆ. ವಾರಿಜಾಳ ಮುಖವನ್ನು ನೇರವಾಗಿ ನೋಡುವುದನ್ನೇ ಬಿಟ್ಟೆ. ಅವಳು ಒಂದು ದಿನ ರವಿಕೆಗಳನ್ನೆಲ್ಲ ಹರಡಿಕೊಂಡು ಹೊಲಿಗೆ ಬಿಚ್ಚುತ್ತಾ ಕೂತಿದ್ದಳು. ಇನ್ನೊಂದು ದಿನ, ಟಿಕೆಟ್ ಕೌಂಟರಿನ ಕಿಂಡಿಯಲ್ಲಿ ಬಳೆ ಸಿಕ್ಕಿಹಾಕಿಕೊಂಡು ಕೈ ಹೊರಗೆ ಬರಲಿಲ್ಲವೆಂದು ಸರ್ವಮಂಗಳಮ್ಮನ ಹತ್ತಿರ ಹೇಳಿ ನಗುತ್ತಿದ್ದಳು. ನಾನು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದೆ, ತಲೆಗೆ ಹೋಗುತ್ತಿರಲಿಲ್ಲ. ತಪ್ಪು ಮಾಡಿದವನಿಗೆ ತನ್ನ ತಪ್ಪು ಬಿಟ್ಟು ಬೇರೇನೂ ಕಾಣುವುದಿಲ್ಲ.

ಏಳನೆಯ ತಿಂಗಳಿನಲ್ಲಿ ನರಹರಿಯ ಮಗಳ ಮದುವೆ ಗೊತ್ತಾಯಿತು. ಕರೆಯದೆ ಇರುವ ಹಾಗಿಲ್ಲ, ಮೆಟ್ಟಿಲು ತುಳಿಯುವ ಹಾಗಿಲ್ಲ. ಆದ್ದರಿಂದ ಅವನು ಒಂದು ಭಾನುವಾರ ಬೆಳಿಗ್ಗೆ ಲಗ್ನಪತ್ರಿಕೆ, ಅಕ್ಷತೆ ಹಿಡಿದುಕೊಂಡು ಬಂದು ಗೇಟಿನಲ್ಲೇ ನಿಂತ. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಬ್ರೆಡ್ಡಿನಿಂದ ಮುಖ ಕೊಯ್ದು ಕೈಯಲ್ಲಿ ಹಿಡಿದುಕೊಂಡಿದ್ದೆ. ಅವತ್ತು ಬ್ರೆಡ್ಡಿನಲ್ಲಿ ಬಂದವಳು ಆ ಹೆಂಗಸೇ. ಅಷ್ಟರಲ್ಲಿ ಹೊರಗಿನಿಂದ ನರಹರಿಯ ಕೂಗು ಕೇಳಿಸಿತು. "ಅಯ್ಯೋ! ಬಂದ್ಬಿಟ್ಳಾ ಇವಳು! ಮನೆಗೇ ತಂದಿಟ್ಕೊಂಡ್ಬಿಟ್ರಾ ಭಾವ! ಏಯ್, ನನ್ನ ತಂಗಿ ಎಲ್ಲಮ್ಮಾ? ಅವಳನ್ನ ಏನ್ ಮಾಡಿದ್ರಿ?"

ನನ್ನ ಜೀವ ಹಾರಿಹೋಯಿತು. ಇಷ್ಟು ದಿನ ಬ್ರೆಡ್ಡಿನಲ್ಲಿ ಬರುತ್ತಿದ್ದವಳು ಇವತ್ತು ನಿಜವಾಗಿಯೇ ಬಂದಳಲ್ಲ ಎಂದುಕೊಂಡು, ಕೈಯಲ್ಲಿದ್ದದ್ದನ್ನು ಎಲ್ಲಿಯಾದರೂ ಇಡಬೇಕೆನ್ನುವುದೂ ಮರೆತು, ಹೊರಗೆ ಓಡಿದೆ. ಅಂಗಳದಲ್ಲಿ ನರಹರಿ ಆಣೆ ಮರೆತು ಮೂರನೆಯ ಮೆಟ್ಟಿಲ ಮೇಲೆ ನಿಂತಿದ್ದ. ಕಾಂಪೌಂಡಿನ ಮೇಲೆ ಸರ್ವಮಂಗಳಮ್ಮನ ತಲೆ ಎದ್ದಿತ್ತು. ಜಗಲಿಯ ಮೇಲೆ ಮೊರ ಹಿಡಿದು ಅಕ್ಕಿ ಆರಿಸುತ್ತಾ ಕೂತಿದ್ದವಳು ವಾರಿಜಾ ಒಬ್ಬಳೇ. "ಏನಾಗಿದೆ ಅಣ್ಣಾ ನಿನಗೆ? ನಾನು ಕಣೋ" ಎಂದಳು. ನರಹರಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಅವಳನ್ನು ನೋಡಿದ. ನನ್ನ ಕೈಯನ್ನು ನೋಡಿದ. ಮತ್ತೆ ಅವಳನ್ನು ನೋಡಿದ. ಆಗ ನಾನೂ ನೋಡಿದೆ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನ್ನ ಹೆಂಡತಿಯನ್ನು ನೆಟ್ಟಗೆ ನೋಡಿದೆ. ಅವಳಿಗೆ ತುಂಬಿದ ಕೆನ್ನೆಗಳಿದ್ದವು. ದುಂಡು ಗದ್ದವಿತ್ತು, ಗದ್ದದ ಕೆಳಗೆ ಇನ್ನೊಂದು ಸಣ್ಣ ಗದ್ದವಿತ್ತು.

ಸರ್ವಮಂಗಳಮ್ಮ, "ದಿನಾ ನೋಡ್ತೀನಿ, ನನಗೆ ಹೊಳೀಲೇ ಇಲ್ವಲ್ರೀ" ಎಂದರು. ವಾರಿಜಾ ಮೊರ ಕೆಳಗಿಟ್ಟು ಎದ್ದು ಬಂದು, ನನ್ನ ಕೈಯಿಂದ ಆ ಸಿಪ್ಪೆಯನ್ನು ತೆಗೆದುಕೊಂಡಳು. ಒಳಗೆ ಹೋಗಿ ಬೀರುವಿನ ಕನ್ನಡಿಯ ಮುಂದೆ ನಿಂತು, ಅದನ್ನು ಮುಖದ ಪಕ್ಕದಲ್ಲಿ ಹಿಡಿದುಕೊಂಡಳು. ನಾನು ಹಿಂದೆ ಹೋಗಿ ನಿಂತೆ. ಕನ್ನಡಿಯಲ್ಲಿ ಅವಳು ಇಬ್ಬರಾಗಿದ್ದಳು. "ಅವತ್ತು ಬಂದಿದ್ದೂ ಇವಳೇನಾ?" ಎಂದಳು. "ಹೂಂ." "ಅವತ್ತು ನಾನು ಮೂವತ್ತೆಂಟು ಕೆಜಿ." "ಹೂಂ." "ನಾನೇ ನೋಡಿರಲಿಲ್ಲ ಈ ಮುಖಾನ. ನೀವೆಲ್ಲಿ ನೋಡಿದ್ರಿ?" ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದೆ. ಮೈಗೆ ಹತ್ತಲಿ, ಮೈಗೆ ಹತ್ತಲಿ ಅಂತ ಅಂದುಕೊಳ್ಳುತ್ತಿದ್ದೆ ಅಷ್ಟೇ ಎಂದೆ. ಅವಳು ತಿರುಗಿದಾಗ ಕಣ್ಣು ಒದ್ದೆಯಾಗಿತ್ತು. ಆದರೆ ದನಿ ಎಂದಿನದೇ. "ಗೊತ್ತಾಗಲಿಲ್ಲ ಸರಿ. ಆಮೇಲೆಷ್ಟು ಸಲ ಬಂದಳು?" "ಈಚೆಗೆ ದಿನಾ." "ಏನ್ ಮಾಡಿದ್ರಿ?" "ತಿಂದೆ." "ಒಬ್ಬರೇ?" "ಒಬ್ಬನೇ." "ನನಗೆ ನಡುವಿನ ಮೆತ್ತನೇದು ಕೊಟ್ಟು, ಗರಿಗರಿ ಸಿಪ್ಪೆಯೆಲ್ಲ ನೀವೇ ತಿಂದ್ರಿ" ಎಂದು ಅವಳು ನನ್ನ ತಲೆಗೊಂದು ಮೊಟಕಿದಳು.

ಹೊರಗೆ ನರಹರಿ ಇನ್ನೂ ಮೂರನೆಯ ಮೆಟ್ಟಿಲ ಮೇಲೆಯೇ ಇದ್ದ, ಹತ್ತಲೂ ಆಗದೆ ಇಳಿಯಲೂ ಆಗದೆ. ವಾರಿಜಾ ಅವನನ್ನು ಕೈ ಹಿಡಿದು ಒಳಗೆ ಎಳೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದಳು. ನಾನು ಚಹಾ ಇಟ್ಟೆ. ಅವಳು ಆ ಸಿಪ್ಪೆಗೆ ಧಾರಾಳವಾಗಿ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ತಟ್ಟೆಯಲ್ಲಿ ಅಣ್ಣನ ಮುಂದಿಟ್ಟಳು. ನರಹರಿ ತಟ್ಟೆಯೊಳಗೆ ನಗುತ್ತಿದ್ದ ಮುಖವನ್ನು ನೋಡಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಹೆಂಗೆ ತಿನ್ಲಮ್ಮಾ? ಒಡಹುಟ್ಟಿದೋಳು ನೀನು" ಎಂದ. "ಕಿವಿ ತಿನ್ನು, ಏನಾಗಲ್ಲ" ಎಂದಳು ವಾರಿಜಾ, ಮತ್ತು ತಾನೇ ಒಂದು ಕಿವಿ ಮುರಿದು ಅವನ ಕೈಗಿಟ್ಟಳು. ಅವನು ಕಣ್ಣು ಮುಚ್ಚಿಕೊಂಡು ಬಾಯಿಗೆ ಹಾಕಿಕೊಂಡ. ಅಗಿದ. ನಾವಿಬ್ಬರೂ ಅವನನ್ನೇ ನೋಡುತ್ತಾ ನಿಂತಿದ್ದೆವು. ಅವನು ಒಂದು ಗುಟುಕು ಚಹಾ ಕುಡಿದು, ಲಗ್ನಪತ್ರಿಕೆಯನ್ನು ಮೇಜಿನ ಮೇಲೆ ಸರಿಯಾಗಿ ಇಟ್ಟು, ಗಂಟಲು ಸರಿಮಾಡಿಕೊಂಡು, ಮಗಳ ಮದುವೆಗೆ ನಾವಿಬ್ಬರೂ ನಾಲ್ಕು ದಿನ ಮುಂಚೆಯೇ ಬರಬೇಕೆಂದು ಕರೆದ. ಆಮೇಲೆ ತಟ್ಟೆಯ ಕಡೆ ನೋಡುತ್ತಾ, ಇನ್ನೊಂದು ಕಿವಿ ಯಾರಿಗಾದರೂ ಬೇಕಿತ್ತೇ ಎಂದು ಕೇಳಿದ.